ಹಗ್ಗದ ಮೇಲಿನ ಅಂಗಿ

ಬೀದರ, ಎರಡು ಸಾವಿರದ ಮುನ್ನೂರ ಹನ್ನೆರಡನೆಯ ಇಸವಿ, ಪುಷ್ಯ ಮಾಸದ ನಲವತ್ತನೆಯ ದಿನ.

ಮುನ್ನೂರು ವರ್ಷ ಹಿಂದಿನ ನನ್ನ ಹಿರಿಯರೇ,

ತಿಂಗಳಿಗೆ ನಲವತ್ತು ದಿನ ಹೇಗೆ ಎಂದು ಹುಬ್ಬೇರಿಸಬೇಡಿ. ಚಳಿ ಬಿಡುವವರೆಗೆ ನಮ್ಮಲ್ಲಿ ಪುಷ್ಯ ಮುಗಿಯುವುದಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ಮಹಾನಂದಾ, ಒಬ್ಬಳೇ ಇರುವ ಹೆಂಗಸು.

ಹೊರಗೆ ಧೂಳು ಏಳುವುದರಿಂದ ಚಳಿಗಾಲವಿಡೀ ನಮ್ಮ ಗಾಜಿನ ಕಿಟಕಿಗಳು ಮುಚ್ಚಿಯೇ ಇರುತ್ತವೆ. ಮನೆ ಬೆಚ್ಚಗಿಡುವ ಕಾವುಗೋಡೆ ಗಾಳಿಯ ಪಸೆಯನ್ನೆಲ್ಲ ಹೀರಿಬಿಡುತ್ತದೆ. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಮರದ ಬಾಗಿಲು ಸೀಳು ಬಿಡುತ್ತದೆ. ಅದಕ್ಕೆ ಅಗಲ ಬಾಯಿಯ ಪಾತ್ರೆಗಳಲ್ಲಿ ನೀರು ತುಂಬಿಡುತ್ತೇವೆ, ಜೀರಿಗೆ ನೀರು ಕುದಿಸುತ್ತೇವೆ, ಒಗೆದ ಬಟ್ಟೆಯನ್ನು ಒಳಗೇ ಹಗ್ಗದ ಮೇಲೆ ಹರವುತ್ತೇವೆ. ಬಟ್ಟೆ ಒಣಗುತ್ತಿಲ್ಲ ಎಂದು ಗೊಣಗುವವರು ನೀವು. ನಿಮ್ಮ ಪುಣ್ಯ!

ಆದರೆ ಮನೆಗೆ ನಿಜವಾದ ತೇವ ಮನುಷ್ಯರ ಉಸಿರಿನಿಂದ ಎಂಬುದು ಇಲ್ಲಿಯ ನಂಬಿಕೆ. ಒಬ್ಬರೇ ಇರುವ ಮನೆಗೆ ಓಣಿಯವರು ಸರದಿಯಂತೆ ಬಂದು ಕೂರುತ್ತಾರೆ. ಇದಕ್ಕೆ ಉಸಿರುಭೇಟಿ ಎನ್ನುತ್ತೇವೆ. ಬರುವವರು ಹಣ್ಣು ತರುವುದಿಲ್ಲ, ತಮ್ಮ ಮನೆಯ ಒಂದು ಒದ್ದೆ ಪಂಚೆ ತಂದು ಹರವಿ, ಅದು ಒಣಗುವವರೆಗೆ ಹರಟುತ್ತಾರೆ. ಮಾತು ಆಡಿದರೆ ಹೋಯಿತು ಎನ್ನುತ್ತಿದ್ದಿರಿ ನೀವು. ಇಲ್ಲಿ ಆಡಿದ ಮಾತು ತೇವವಾಗಿ ಮನೆಯಲ್ಲೇ ಉಳಿಯುತ್ತದೆ.

ಈ ಚಳಿಗಾಲ ನನ್ನ ಮನೆಗೆ ಯಾರೂ ಬರಲಿಲ್ಲ. ನನ್ನ ಯಜಮಾನರು ಸಂಗನಬಸವ ತೀರಿಹೋದ ಮೇಲೆ ಇದು ಮೊದಲ ಚಳಿ. ಒಂದು ಸೀರೆಯ ತೇವ ಸಾಲದೆಂದು ದಿನವೂ ಅವರ ಅಂಗಿಯನ್ನು ನೆನೆಸಿ ಕಿಟಕಿಯ ಪಕ್ಕ ಹರವುತ್ತಿದ್ದೆ. ತೇವಕ್ಕಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಲೇ? ಒದ್ದೆ ಬಟ್ಟೆ ತೂಕವಾಗಿರುತ್ತದೆ. ಅದನ್ನು ಎತ್ತುವಾಗ ಕೈಗೆ ಅವರೇ ಸಿಕ್ಕಂತಾಗುತ್ತಿತ್ತು.

ನಿನ್ನೆ ನೀರು ತುಂಬುವಲ್ಲಿ ಪಕ್ಕದ ಮನೆಯ ಶಿವಗಂಗಾ ಸಿಕ್ಕಳು. ನನ್ನ ಒಡೆದ ತುಟಿ ನೋಡಿ ಗಾಬರಿಯಾದಳು. “ನಿಮ್ಮನ್ಯಾಗ ಗಂಡಸರ ಅಂಗಿ ಒಣಗ್ಲಾಕತ್ತಾದ, ಯಾರೋ ಬಂದಿರಬೇಕಂತ ತಿಳ್ಕೊಂಡಿದ್ದೆ ಯವ್ವಾ” ಎಂದಳು. ಇಬ್ಬರಿರುವ ಮನೆಗೆ ಉಸಿರುಭೇಟಿಗೆ ಹೋಗುವ ಪದ್ಧತಿಯಿಲ್ಲ. ಓಣಿಯವರೆಲ್ಲ ಹಗ್ಗ ನೋಡಿ ಹಿಂದಿರುಗಿದ್ದರು. ಯಾರೂ ಬಂದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸರದಿಯ ನೀರಿಗೆ ಕೂಗು ಬಂತು, ಅವಳು ಹೊರಟುಹೋದಳು.

ಇಂದು ಬೆಳಿಗ್ಗೆ ಅಂಗಿಯನ್ನು ನೆನೆಸಲಿಲ್ಲ. ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ತುಂಬ ಅತ್ತೆ. ಕಣ್ಣೀರಿನಿಂದಲೂ ಮನೆಗೆ ತೇವ ಬರುತ್ತದೆಯೇ ಎಂದು ನಮ್ಮ ಪದ್ಧತಿ ಹೇಳುವುದಿಲ್ಲ.

ನೀವು ಕಿಟಕಿ ತೆರೆಯಬಲ್ಲವರು, ಸರದಿಗೆ ಕಾಯದೆಯೂ ಒಬ್ಬರ ಮನೆಗೆ ಹೋಗಬಲ್ಲವರು. ಹಗ್ಗದ ಮೇಲಿನ ಬಟ್ಟೆ ನೋಡಿ ಒಳಗಿರುವವರನ್ನು ಎಣಿಸಬೇಡಿ. ಹೋಗಿ ಬಾಗಿಲು ತಟ್ಟಿ, ಸ್ವಲ್ಪ ಹೊತ್ತು ಕೂತು ಬನ್ನಿ.

ನನ್ನ ಹಗ್ಗದ ಮೇಲೆ ಈಗ ಒಂದೇ ಸೀರೆಯಿದೆ. ಪಕ್ಕದಲ್ಲಿ ಒಂದು ಪಂಚೆಯಷ್ಟು ಜಾಗ ಬಿಟ್ಟಿದ್ದೇನೆ. ಬಾಗಿಲ ಚಿಲಕ ಹಾಕಿಲ್ಲ.

ಮಹಾನಂದಾ