ಚುಕ್ಕಿಯ ಕಿವಿಯೋಲೆ

ಶ್ರೀಗಂಧದ ಕಾವಲಿನ ಅಕ್ಕಯ್ಯಮ್ಮನವರಿಗೆ ದನದ ಡಾಕ್ಟ್ರು ಲಕ್ಷ್ಮೀಪತಿಯ ನಮಸ್ಕಾರ.

ನಿಮ್ಮ ಮೊಮ್ಮಗಳು ರಮ್ಯ ಓದಿ ಹೇಳಲಿ, ನೀವು ಕೇಳಿಸಿಕೊಳ್ಳಿ. ನಡುವೆ ಬೈಯಬೇಕೆನಿಸಿದರೆ ಧಾರಾಳವಾಗಿ ಬೈಯಿರಿ, ನನಗಂತೂ ಕೇಳಿಸುವುದಿಲ್ಲ.

ಮಳೆಯಲ್ಲಿ ಸತ್ತ ನಿಮ್ಮ ಹಸು ಚುಕ್ಕಿಗೆ ಸರ್ಕಾರದ ಪರಿಹಾರ ಸಿಗುವುದಿಲ್ಲ ಎಂದು ಕಚೇರಿಯವರು ಆಗಲೇ ಒಂದೇ ಸಾಲಿನಲ್ಲಿ ಬರೆದು ಕಳಿಸಿದ್ದಾರೆ. ಉಳಿದದ್ದನ್ನು ನಾನು ಹೇಳಬೇಕಾಗಿದೆ.

ಆ ದಿನ ಬೆಳಗ್ಗೆ ಆರು ಗಂಟೆಗೆ ರಮ್ಯ ನನಗೆ ಫೋನ್ ಮಾಡಿದ್ದಳು. "ಸಾರ್, ರಾಜಕಾಲುವೆ ನೀರು ಕೊಟ್ಟಿಗೆಗೆ ನುಗ್ಬಿಟ್ಟಿದೆ. ಚುಕ್ಕಿ ಹೋಗ್ಬಿಟ್ಲು ಸಾರ್." ಬಂದೆ ಎಂದೆ. ಆದರೆ ನಾಗರಬಾವಿಯ ನನ್ನ ಮನೆಯ ಕೆಳಗೆ ಕಾರು ಅರ್ಧ ಮುಳುಗಿತ್ತು. ಅದನ್ನು ಎಳೆಸುವುದರಲ್ಲೇ ಹೊತ್ತು ಹೋಯಿತು. ಆಟೋ ಹಿಡಿದು ಬಂದಿದ್ದರೆ ಇಪ್ಪತ್ತು ನಿಮಿಷದ ದಾರಿ. ನಾನು ಬಂದಾಗ ಹನ್ನೊಂದು.

ಅಷ್ಟರಲ್ಲಿ ಹಸುವಿನ ಹೊಟ್ಟೆ ಉಬ್ಬಿತ್ತಂತೆ. ಎದುರು ಮನೆಯವರು ವಾಸನೆ ಎಂದು ಗಲಾಟೆ ಮಾಡಿದರಂತೆ. ಹತ್ತರವರೆಗೆ ಕಾದು, ನಿಮ್ಮದೇ ಖಾಲಿ ಸೈಟಿನಲ್ಲಿ ಗುಂಡಿ ತೆಗೆಸಿದಿರಿ. ಅರಿಶಿನ ಕುಂಕುಮ ಇಟ್ಟು, ನಿಮ್ಮ ಮನೆಯ ಪದ್ಧತಿಯಂತೆ ಮೂಗುದಾರ ಬಿಚ್ಚಿ, ಗಂಟೆ ಬಿಚ್ಚಿದಿರಿ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕುಡುಗೋಲು ತಂದು ಅವಳ ಕಿವಿಯ ಹಳದಿ ಓಲೆಯನ್ನೂ ಕೊಯ್ದು ತೆಗೆದು, ಮಣ್ಣು ಮುಚ್ಚಿಸಿದಿರಿ. ನಂಬರಿದ್ದ ಆ ಪ್ಲಾಸ್ಟಿಕ್ ಓಲೆ ಕಿವಿಯಲ್ಲೇ ಇರಬೇಕು, ಹೆಣವನ್ನು ನಾನು ಕಣ್ಣಾರೆ ನೋಡಿ ಕೊಯ್ದು ಪರೀಕ್ಷಿಸಬೇಕು, ಆಗಲೇ ಪರಿಹಾರ. ಇದು ನಿಯಮ.

"ಏನಮ್ಮಾ ಹಿಂಗ್ ಮಾಡ್ಬಿಟ್ರಿ!" ಎಂದು ನಾನು ರೇಗಿದೆ. ನೀವು ತಣ್ಣಗೆ, "ಬರುವಾಗ ಏನೂ ಇಲ್ದೆ ಬಂದ್ಲು ಕಣಪ್ಪ, ಹಂಗೇ ಕಳಿಸ್ದೆ" ಎಂದಿರಿ. ಗುಂಡಿಯನ್ನು ಮತ್ತೆ ತೆಗೆಸೋಣ ಎಂದೆ. "ಮಣ್ಣು ಹಾಕಿದ್ ಮೇಲೆ ಎತ್ತಿಸ್ತೀಯಾ? ನಿನ್ ಪರಿಹಾರ ನೀನೇ ಇಟ್ಕೋ" ಎಂದು ಓಲೆಯನ್ನು ನನ್ನ ಕೈಗೆ ಹಾಕಿದಿರಿ. ಹಾಲು ಕೊಡುತ್ತಿದ್ದದ್ದು ಅವಳೊಬ್ಬಳೇ, ಹನ್ನೆರಡು ಮನೆಗೆ ದಿನಾ ಹಾಲು ಹಾಕುವ ವರ್ತನೆ ಇತ್ತು, ಅವಳ ಕರು ಹಾಲು ಕೊಡುವುದಕ್ಕೆ ಇನ್ನೂ ಎರಡು ವರ್ಷ ಬೇಕು. ಇದೆಲ್ಲ ಗೊತ್ತಿದ್ದೂ ನಾನು ಬ್ಯಾಗಿನ ಜಿಪ್ ಎಳೆದು ಹೊರಟೆ.

ವರದಿಯಲ್ಲಿ ಹೀಗೆ ಬರೆದೆ: ಮಾಲೀಕರು ತಡವಾಗಿ ತಿಳಿಸಿದ್ದಾರೆ, ಕಳೇಬರ ಲಭ್ಯವಿಲ್ಲ, ಓಲೆ ಲಭ್ಯವಿಲ್ಲ. ಮೊದಲನೆಯದು ಸುಳ್ಳು. ಮೂರನೆಯದೂ ಸುಳ್ಳು, ಓಲೆ ನನ್ನ ಬ್ಯಾಗಿನಲ್ಲೇ ಇತ್ತು. ತಡ ಮಾಡಿದವನು ನಾನು ಎಂದು ಬರೆಯುವುದಕ್ಕೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ರಮ್ಯ ಹಾಕಿದ ಮೇಲ್ಮನವಿಯಿಂದ ಕಡತ ಮತ್ತೆ ನನ್ನ ಮೇಜಿಗೆ ಬಂತು. ನಿನ್ನೆ ಹೊಸದಾಗಿ ಬರೆದೆ. ಫೋನ್ ಬಂದದ್ದು ಆರಕ್ಕೆ, ಹೋದದ್ದು ಹನ್ನೊಂದಕ್ಕೆ, ಹಿಂದಿನ ವರದಿ ತಪ್ಪು, ತಪ್ಪು ನನ್ನದು. ಈ ಹಸು ಹುಟ್ಟುವಾಗ ತಾಯಿಯ ಹೊಟ್ಟೆಯಿಂದ ಈಚೆಗೆ ಎಳೆದವನೂ ನಾನೇ, ಓಲೆ ಹಾಕಿದವನೂ ನಾನೇ, ನಂಬರು ನಮ್ಮ ದಾಖಲೆಗೆ ಸರಿಯಾಗಿದೆ ಎಂದು ಬರೆದು, ಓಲೆಯನ್ನೇ ಲಕೋಟೆಯಲ್ಲಿಟ್ಟು ಲಗತ್ತಿಸಿದೆ. ಇದರಿಂದ ನನಗೆ ನೋಟಿಸ್ ಬರುವುದು ಖಂಡಿತ. ನಿಮಗೆ ಪರಿಹಾರ ಬರುವುದು ಖಂಡಿತವಲ್ಲ. ಇಲ್ಲದ ಆಸೆ ಹುಟ್ಟಿಸಲಾರೆ.

ಚುಕ್ಕಿಯ ಕರುವಿಗೆ ಇನ್ನೂ ಓಲೆ ಹಾಕಿಲ್ಲ. ನೀವು ಬೇಡ ಎನ್ನುತ್ತೀರಿ, ಗೊತ್ತು. ಆದರೂ ಗುರುವಾರ ಬೆಳಗ್ಗೆ ಆರಕ್ಕೆ ಬರುತ್ತೇನೆ, ಆಟೋದಲ್ಲಿ. ಅದರ ತಲೆ ನೀವೇ ಹಿಡಿದುಕೊಳ್ಳಬೇಕು, ನನ್ನನ್ನು ಕಂಡರೆ ಒದೆಯುತ್ತದೆ. ಆರು ದಾಟಿದರೆ ಗೇಟು ತೆಗೆಯಬೇಡಿ.

ಕರು ಸುಖವಾಗಿ ಬೆಳೆಯಲಿ, ನಿಮ್ಮ ಕೊಟ್ಟಿಗೆ ತುಂಬಲಿ.

ಇಂತಿ, ಅವತ್ತು ತಡವಾಗಿ ಬಂದ
ಲಕ್ಷ್ಮೀಪತಿ