ವಾಸನೆ ಹೋದ ಮೇಲೆ

ಜನವರಿ 9, ಬೆಳಗ್ಗೆ

ಹುಲ್ಲಿನ ರಾಶಿ ತಿರುವಿ ಹಾಕಿದ್ದಾಯಿತು. ಕೋಳಿ ಗೊಬ್ಬರ ಬೆರೆಸಿದ್ದು ಹಬೆಯಾಡುತ್ತಿದೆ. ಅಣಬೆಗೆ ಹೀಗೆ ಬಯಲಲ್ಲಿ ಕಾಂಪೋಸ್ಟ್ ಮಾಡುವುದು ಇದೇ ಕೊನೆ. ಇನ್ನು ಎಲ್ಲ ಟನೆಲ್ ಒಳಗೆ — ಕಾಂಕ್ರೀಟ್ ಕೋಣೆ, ನೆಲದಲ್ಲಿ ತೂತು, ಕೆಳಗಿಂದ ಬ್ಲೋವರ್ ಗಾಳಿ, ಬಿಸಿ ಅಳೆಯಲು ಸೆನ್ಸರ್. ಹೊರಗೆ ಬರುವ ಗಾಳಿಯನ್ನು ಒದ್ದೆ ಮರದ ಚಕ್ಕೆಗಳ ಮೂಲಕ ಹಾಯಿಸಿದರೆ ವಾಸನೆ ಅಲ್ಲೇ ಸಾಯುತ್ತದಂತೆ. ಸಾಯಲಿ. ಹೆಂಡತಿ ತನ್ನ ಅಕ್ಕನ ಮನೆ ಸೇರಿದ್ದೇ ಈ ವಾಸನೆಗೆ. "ಈ ನಾತ ಹೋದ ದಿನ ಹೇಳಿ, ಬರ್ತೀನಿ" ಅಂದಿದ್ದಳು. ಅದಕ್ಕೇ ಇಷ್ಟೆಲ್ಲ.

ಜನವರಿ 22

ಟನೆಲ್‌ನ ಕಂಟ್ರೋಲ್ ಪ್ಯಾನೆಲ್ ಕೂರಿಸುವವನು ಬಂದ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡೇ ಕೆಲಸ. ಟೀ ಕೊಟ್ಟೆ. ಗೇಟಿನ ಆಚೆ ಹೋಗಿ ಕುಡಿದ.

"ಇಲ್ಲಿ ನಿಮಗೆ ಊಟ ಹೇಗೆ ಸೇರುತ್ತೆ ಸಾರ್?"

ಚೆನ್ನಾಗೇ ಸೇರುತ್ತೆ ಅಂದೆ. ಸುಳ್ಳು. ಒಬ್ಬನೇ ತಟ್ಟೆ ಮುಂದೆ ಕೂತರೆ ಅರ್ಧಕ್ಕೇ ಎದ್ದುಬಿಡುತ್ತೇನೆ. ಅದಕ್ಕೂ ವಾಸನೆಗೂ ಸಂಬಂಧವಿಲ್ಲ.

ಫೆಬ್ರವರಿ 3

ಮೊದಲ ಲೋಡ್. ತಲೆ ಕೆಟ್ಟು ಹೋಯಿತು. ಸ್ಕ್ರೀನಿನಲ್ಲಿ ನೋಡಿದರೆ ತಣ್ಣಗಿದೆ, ರಾಶಿಗೆ ಕೈಯಿಟ್ಟರೆ ಸುಡುತ್ತದೆ. ಸೆನ್ಸರ್ ರಾಶಿಯಿಂದ ಜಾರಿ, ನೇತಾಡುತ್ತಾ, ಆರಾಮಾಗಿ ಗಾಳಿಯ ಬಿಸಿ ಅಳೆಯುತ್ತಿತ್ತು! ಜೋರಾಗಿ ನಕ್ಕುಬಿಟ್ಟೆ. "ನೋಡೇ ಇಲ್ಲಿ" ಅಂತ ಹಿಂದೆ ತಿರುಗಿದೆ... ಯಾರಿಗೆ ಹೇಳುವುದು. ಸೆನ್ಸರನ್ನು ಮತ್ತೆ ರಾಶಿಗೆ ಚುಚ್ಚಿದೆ.

ಫೆಬ್ರವರಿ 26

ಎರಡನೇ ಲೋಡ್ ಸರಿಹೋಯಿತು. ಮಿಷನ್ನೇ ಬಿಸಿ ಏರಿಸಿತು, ಮಿಷನ್ನೇ ಇಳಿಸಿತು. ನಾನು ಕೈಕಟ್ಟಿ ನಿಂತಿದ್ದೆ. ತೊಂದರೆ ಒಂದೇ — ವಾಸನೆ ಹೋಯಿತೋ ಇಲ್ಲವೋ ನನಗೇ ತಿಳಿಯದು. ಇಷ್ಟು ವರ್ಷ ಇದರಲ್ಲೇ ಮುಳುಗಿ ನನ್ನ ಮೂಗಿಗೆ ಇದೇ ಮಾಮೂಲಿ ಗಾಳಿ. ಹುಲ್ಲು ತಂದ ಲಾರಿ ಡ್ರೈವರನ್ನು ಹಿಡಿದು ಚಕ್ಕೆ ರಾಶಿಯ ಪಕ್ಕ ನಿಲ್ಲಿಸಿದೆ.

"ಏನೂ ಇಲ್ಲಣ್ಣ. ಮರ ಕೊಯ್ಯೋ ಮಿಲ್ಲಲ್ಲಿ ನಿಂತ ಹಾಗಿದೆ."

"ಈಗ ನನ್ನ ಶರ್ಟ್ ಮೂಸು."

"ಅಯ್ಯೋ, ಇದೇನಣ್ಣ ನನ್ನ ಗ್ರಹಚಾರ!" ಮೂಸಿದ. "ಬರೀ ಸೋಪು."

ಕುಣಿಯುವಷ್ಟು ಖುಷಿ. ಕೂಡಲೇ ಅವಳಿಗೆ ಫೋನ್ ಮಾಡಿದೆ. ಭಾನುವಾರ ಬರುತ್ತಾಳಂತೆ.

ಮಾರ್ಚ್ 2, ಭಾನುವಾರ, ಸಂಜೆ

ಬಂದಳು. ಕೈಯಲ್ಲಿ ಸಣ್ಣ ಬ್ಯಾಗ್, ಅಷ್ಟೇ. ಅಂಗಳದಲ್ಲಿ ನಿಂತು ಉಸಿರೆಳೆದುಕೊಂಡಳು.

"ನಿಜವಾಗ್ಲೂ ಇಲ್ಲ ಕಣ್ರೀ."

"ನಾನು ಹೇಳ್ಲಿಲ್ವಾ?"

ಟನೆಲ್ ತೋರಿಸಿದೆ. ಬ್ಲೋವರ್ ತೋರಿಸಿದೆ. ಸ್ಕ್ರೀನ್ ಒತ್ತಿ ಒತ್ತಿ ತೋರಿಸಿದೆ. ಅವಳ ಮುಖ ನೋಡಿದ್ದು ಆಮೇಲೆ. ಅಳುತ್ತಿದ್ದಳು.

"ಇನ್ನು ಏನಂತ ಹೇಳಿ ಅಕ್ಕನ ಮನೇಲಿರಲಿ?"

"ಅಲ್ಲಿ ಯಾಕಿರ್ಬೇಕು? ಬಾ ಅಂತಾನೇ ಅಲ್ವಾ..."

"ವಾಸನೆ ಅಂದ್ರೆ ನಿಮ್ಮ ಕಿವಿಗೆ ಬೀಳುತ್ತೆ ಅಂತ ಹಾಗಂದೆ. ಒಂದು ಗಳಿಗೆ ಜೊತೇಲಿ ಕೂತ್ಕೊಳ್ಳಿ, ಮಾತಾಡಿ ಅಂತ ಎಷ್ಟು ಸಲ ಗೋಗರೆದೆ? ಅದು ಬೀಳಲೇ ಇಲ್ಲ."

"ನಿನಗೋಸ್ಕರಾನೇ ಇದನ್ನ ಕಟ್ಟಿದ್ದು."

"ಗೊತ್ತು ರೀ. ಅದಕ್ಕೇ ಅಳು ಬರ್ತಿರೋದು."

ಐದರ ಬಸ್ಸಿಗೆ ಹೊರಟಳು. ಬ್ಯಾಗ್ ನಾನೇ ಹಿಡಿದು ಸ್ಟಾಪಿನವರೆಗೆ ಹೋದೆ.

ಮಾರ್ಚ್ 19

ತಿರುವಿ ಹಾಕುವ ಕೆಲಸ ಇಲ್ಲ. ದಿನವಿಡೀ ಏನೂ ಇಲ್ಲ. ಫೋನ್ ಸದ್ದಾದರೆ ಎದ್ದುಬಿದ್ದು ಓಡುತ್ತೇನೆ — ಟನೆಲ್‌ನ ಮೆಸೇಜು, ಎಲ್ಲ ಸರಿಯಾಗಿದೆ ಅಂತ. ಇವತ್ತು ಮಧ್ಯಾಹ್ನ ಧೈರ್ಯ ಮಾಡಿ ನಾನೇ ಅವಳಿಗೆ ಮಾಡಿದೆ.

"ಟನೆಲ್ ವಿಷಯ ಬಿಟ್ಟು ಏನಾದ್ರೂ ಇದ್ರೆ ಹೇಳಿ."

ತುಂಬಾ ಇದೆ ಅಂದೆ.

"ಹೇಳಿ ಮತ್ತೆ. ಕೇಳ್ತಿದೀನಿ."

ಬರೆದಿಟ್ಟುಕೊಂಡು ಸಂಜೆ ಮಾಡ್ತೀನಿ ಅಂದೆ. ನಕ್ಕಳೋ, ನಿಟ್ಟುಸಿರು ಬಿಟ್ಟಳೋ, ಗೊತ್ತಾಗಲಿಲ್ಲ. ಮಾಡಿ ಅಂದಳು.

ಬರೆಯುತ್ತಿದ್ದೇನೆ. ನಾಲ್ಕು ಸಲ ಹೊಡೆದು ಹಾಕಿದ್ದಾಯಿತು, ನಾಲ್ಕರಲ್ಲೂ ಬ್ಲೋವರ್ ಬಂದುಬಿಟ್ಟಿತು. ಮೊದಲಿಂದ —

ನೀನು ಹೋದ ಮೇಲೆ ನಾನು