ಮದುವೆಗೆಂದು ಕಲಸಿಟ್ಟ ಹಿಟ್ಟು

ಟೊರುನ್, ೨೫ ನವೆಂಬರ್ ೧೯೮೪
ಸಂತ ಕ್ಯಾಥರೀನಳ ಹಬ್ಬದ ಭಾನುವಾರ

ನನ್ನ ಮುದ್ದು ಕಿಂಗಾ,

ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತೇ? ಷ್ಚೆಚಿನ್ ಬಂದರಿನ ಗಾಳಿ ಎದೆಗೆ ಒಳ್ಳೆಯದಲ್ಲ ಎಂದರೆ ನೀನು ನಗುತ್ತೀಯ. ನಗು, ಆದರೆ ಕುತ್ತಿಗೆಗೆ ಶಾಲು ಸುತ್ತಿಕೊಂಡು ನಗು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುತ್ತಿಲ್ಲ. ನಿನ್ನ ಅಮ್ಮ ಎಂದಿನಂತೆ ನೂಲಿನ ಗಿರಣಿಯಿಂದ ದಣಿದು ಬಂದು ನನ್ನ ಮೇಲೆ ರೇಗುತ್ತಾಳೆ, ಆಮೇಲೆ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾಳೆ.

ನೀನು ಮಿರೆಕ್‌ನನ್ನು ಒಲ್ಲೆನೆಂದು ಮದುವೆ ಮುರಿದುಕೊಂಡು ಹೋದದ್ದು ಈಸ್ಟರ್‌ಗೆ ಮುಂಚೆ. ಅಂದಿನಿಂದ ಒಮ್ಮೆಯೂ ಮನೆಗೆ ಬಂದಿಲ್ಲ. ರೈಲು ಹತ್ತುವಾಗ ನೀನು ಹೇಳಿದ್ದು ಕಿವಿಯಲ್ಲೇ ಇದೆ: "ಅವ್ನು ಒಳ್ಳೆಯವ್ನೇ ಅಜ್ಜಿ, ಆದ್ರೆ ನಂಗೆ ಬೇಡ. ನೆಲಮಾಳಿಗೇಲಿರೋ ಆ ಪೀಪಾಯಿ ನೆನೆಸ್ಕೊಂಡ್ರೆ ನಂಗೆ ನಿಮ್ಮ ಮುಖ ನೋಡೋಕಾಗಲ್ಲ." ನೀನು ಹುಟ್ಟಿದ ದಿನ ನಿನ್ನ ಅಜ್ಜ ಫೆಲಿಕ್ಸ್ ಜೇನು, ರೈ ಹಿಟ್ಟು, ಲವಂಗ, ಶುಂಠಿ ಕಲಸಿ ಆ ಪೀಪಾಯಿಗೆ ತುಂಬಿದ್ದರು. ನಮ್ಮ ಮನೆತನದಲ್ಲಿ ಹೆಣ್ಣು ಹುಟ್ಟಿದಾಗ ವರ್ಷಗಟ್ಟಲೆ ಕೆಡದ ಈ ಜೇನಿನ ಹಿಟ್ಟು ಕಲಸಿಟ್ಟು ಅವಳ ಮದುವೆಗೆ ಪಿಯೆರ್ನಿಕ್ ಬಿಸ್ಕತ್ತು ಸುಡುವುದು ರೂಢಿ. ಒಂದು ಪೀಪಾಯಿ ಹಿಟ್ಟಿಗೆ ಹೆದರಿ ಊರು ಬಿಟ್ಟವಳು ನೀನೊಬ್ಬಳೇ ಇರಬೇಕು!

ಇವತ್ತು ಪ್ರಾರ್ಥನೆ ಮುಗಿಸಿ ಹಳೇ ಪೇಟೆಯಲ್ಲಿ ನಿಧಾನವಾಗಿ ನಡೆದೆ. ನೀನು ಚಿಕ್ಕವಳಿದ್ದಾಗ ನಾವಿಬ್ಬರೂ ಸುತ್ತುತ್ತಿದ್ದ ದಾರಿಯೇ. ಕೊಪರ್ನಿಕಸ್‌ನ ಪ್ರತಿಮೆಯ ತಲೆಯ ಮೇಲೆ ಎಂದಿನಂತೆ ಪಾರಿವಾಳ. ಭೂಮಿಯನ್ನೇ ತಿರುಗಿಸಿದವನಿಗೆ ಒಂದು ಹಕ್ಕಿಯನ್ನು ಓಡಿಸಲಾಗುವುದಿಲ್ಲ ನೋಡು. ಕಾರಂಜಿಯ ಹತ್ತಿರ ಪಿಟೀಲಿನ ಅಂಬಿಗನ ಮೂರ್ತಿಯ ಸುತ್ತ ಕಂಚಿನ ಕಪ್ಪೆಗಳೆಲ್ಲ ಕೂತಿದ್ದವು. ಊರಿಗೆ ನುಗ್ಗಿದ ಕಪ್ಪೆಗಳನ್ನು ಅವನು ಪಿಟೀಲು ಬಾರಿಸಿ ಆಚೆ ಕರೆದೊಯ್ದ ಕಥೆಯನ್ನು ನಿನಗೆ ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ಕೊನೆಗೆ ನಿನ್ನದು ಒಂದೇ ಪ್ರಶ್ನೆ: "ಅವಕ್ಕೆ ಮನೆಗೆ ವಾಪಸ್ ಬರ್ಬೇಕು ಅನ್ಸಿದ್ರೆ ಯಾರು ಬಾರಿಸ್ತಾರೆ ಅಜ್ಜಿ?" ಇವತ್ತು ಅಲ್ಲಿ ನಿಂತು ಅದನ್ನೇ ನೆನೆದು ಅತ್ತುಬಿಟ್ಟೆ. ಚಳಿಗೆ ಕಣ್ಣಲ್ಲಿ ನೀರು ಬಂತೆಂದು, ಜೊತೆಗಿದ್ದ ಪಕ್ಕದ ಮನೆಯ ಲುತ್ಸಿನಾಗೆ ಸುಳ್ಳು ಹೇಳಿದೆ.

ಲುತ್ಸಿನಾ ಬಿಡುತ್ತಾಳೆಯೇ? ವಾಲುಗೋಪುರದ ಹತ್ತಿರ ಬಂದ ಕೂಡಲೇ ಶುರು ಮಾಡಿದಳು: "ನೋಡಿದ್ರಾ, ನಿಶ್ಚಿತಾರ್ಥದ ದಿನ ಮಿರೆಕ್ ಇಲ್ಲೇ ಮುಗ್ಗರಿಸಿದ್ದು. ಗೋಪುರಕ್ಕೆ ಆವತ್ತೇ ಗೊತ್ತಿತ್ತು!" ನಿನಗೂ ನೆನಪಿರಬೇಕು. ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ, ಕೈ ಮುಂದೆ ಚಾಚಿ ನಿಂತವನು ಬೀಳದಿದ್ದರೆ ಮನಸ್ಸು ಶುದ್ಧ ಎಂದು ಹೇಳಿ ನಿನ್ನ ಅತ್ತೆಯರು ಆ ಪಾಪದವನನ್ನು ನಿಲ್ಲಿಸಿದ್ದರು. ಅವನು ನೇರ ಲುತ್ಸಿನಾಳ ಬುಟ್ಟಿಯ ಮೇಲೆ ಬಿದ್ದ. ನಾನು ಅವಳಿಗೆ ಹೇಳಿದೆ: "ನನ್ನ ಫೆಲಿಕ್ಸೂ ಬಿದ್ದಿದ್ರು ಕಣೇ, ನಾನೂ ಬಿದ್ದಿದ್ದೆ. ತಾನೇ ನೆಟ್ಟಗೆ ನಿಲ್ಲೋಕಾಗ್ದಿರೋ ಗೋಪುರ ನಮಗೇನು ನ್ಯಾಯ ಹೇಳೋದು?"

ಮಿರೆಕ್ ಸಿಕ್ಕಾಗ ಟೋಪಿ ತೆಗೆದು ನಮಸ್ಕರಿಸುತ್ತಾನೆ, ನಿನ್ನ ಆರೋಗ್ಯ ವಿಚಾರಿಸುತ್ತಾನೆ. ಅವನ ಮುಖ ಮತ್ತೆ ತುಂಬಿಕೊಂಡಿದೆ. ಇಲ್ಲಿ ಯಾರಿಗೂ ನಿನ್ನ ಮೇಲೆ ಕೋಪವಿಲ್ಲ. ನಿನ್ನ ಅಮ್ಮ ನಿನ್ನ ಹಾಸಿಗೆಯ ಹೊದಿಕೆಯನ್ನು ತಿಂಗಳಿಗೊಮ್ಮೆ ಒಗೆದು ಮತ್ತೆ ಹಾಸುತ್ತಾಳೆ. ಯಾಕೆಂದು ಕೇಳಿದರೆ ಧೂಳು ಎನ್ನುತ್ತಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಎಲ್ಲಿ ನಡೆದರೂ ನಿನ್ನ ಕಾಲು ಮಂಜಿನಲ್ಲಿ ಜಾರದಿರಲಿ, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಜ್ಜಿ,
ಗೆನೊವೆಫಾ

ಮರೆತಿದ್ದೆ: ಆ ಹಿಟ್ಟಿನಿಂದ ಇವತ್ತು ಬಿಸ್ಕತ್ತು ಸುಟ್ಟುಬಿಟ್ಟೆ. ಪೀಪಾಯಿ ತೆಗೆಯುವಾಗ ನಿನ್ನ ಅಮ್ಮ ಹೌಹಾರಿದಳು: "ಮದ್ವೆ ಇಲ್ದೆ ಅದನ್ನ ತೆಗೆದ್ರೆ ಜನ ಏನಂತಾರಮ್ಮಾ?" ನಾನೆಂದೆ, ಫೆಲಿಕ್ಸ್ ಇದನ್ನು ಕಲಸುವಾಗ ಮನೆಯಲ್ಲಿ ಮದುಮಗನಿರಲಿಲ್ಲ, ತೊಟ್ಟಿಲಲ್ಲಿ ಕಿಂಗಾ ಮಾತ್ರ ಇದ್ದಳು. ಆಮೇಲೆ ನಿನ್ನ ಅಮ್ಮನೇ ಅಂಗಿಯ ತೋಳು ಮಡಚಿ ಲಟ್ಟಿಸಲು ನಿಂತಳು. ಮನೆಯೆಲ್ಲ ನಿನ್ನ ಅಜ್ಜನ ಕೋಟಿನ ವಾಸನೆ. ಬಿಸ್ಕತ್ತು ಈಗ ಕಲ್ಲಿನಂತಿದೆ, ಕ್ರಿಸ್ಮಸ್ ಹೊತ್ತಿಗೆ ಮೆತ್ತಗಾಗುತ್ತದೆ. ಹಬ್ಬದ ಮುನ್ನಾದಿನದ ಸಂಜೆ ಮೇಜಿನ ಮೇಲೆ, ಕರೆಯದೆಯೇ ಬಾಗಿಲು ತಟ್ಟಿ ಬರುವ ಅತಿಥಿಗೆಂದು ಎಲ್ಲರೂ ಇಡುವಂತೆ ಒಂದು ಖಾಲಿ ತಟ್ಟೆ ಇಡುತ್ತೇನೆ. ಅದು ನಿನಗಲ್ಲ. ನಿನ್ನ ತಟ್ಟೆ ನಿನ್ನ ಜಾಗದಲ್ಲೇ ಇರುತ್ತದೆ.